ರೋಗವೃತ್ತಾಂತವೆಂಬ ನಿಕ್ಷೇಪ

(ಮಹೋತ್ಸವದ ಸಭೆಯಲ್ಲಿ ನಡೆದ ಉಪನ್ಯಾಸ)



ರೋಗಿಯನ್ನು ಮೂರು ಬಗೆಯಿಂದ ಪರೀಕ್ಷಿಸಬೇಕೆಂದು ಆಯುರ್ವೇದದ ಆಚಾರ್ಯರು ವಿಧಿಸಿರುತ್ತಾರೆ. ಕಣ್ಣಿನಿಂದ ನೋಡುವುದು ದರ್ಶನವು. ಕೈಯಿಂದ ಮುಟ್ಟಿ ತಿಳಿಯುವುದು ಸ್ಪರ್ಶನವು. ಬಾಯಿಂದ ಕೇಳಿ ತಿಳಿಯುವುದು ಪ್ರಶ್ನವು. ಮೊದಲಿನ ಎರಡರಿಂದ ರೋಗಿಯ ಈ ಹೊತ್ತಿನ ಸ್ಥಿತಿಯು ಮಾತ್ರವೇ ತಿಳಿಯುತ್ತದೆ. ಹಿಂದೆ ಏನಾಗಿದ್ದಿತು, ಯಾವ ಔಷಧವು ಹಿಡಿಯಿತು, ಯಾವುದು ಒಗ್ಗದೆ ಹೋಯಿತು, ತಂದೆತಾಯಿಗಳಿಗೆ ಯಾವ ಬೇನೆಯಿದ್ದಿತು ಎಂಬಿವೆಲ್ಲವೂ ಮೂರನೆಯದರಿಂದಲೇ ತಿಳಿಯತಕ್ಕುವು. ಆದರೆ ಪ್ರಶ್ನೆಗೆ ಉತ್ತರವನ್ನು ಹೇಳತಕ್ಕವನು ರೋಗಿಯು; ರೋಗಿಯ ನೆನಪಾದರೋ ನೋವಿನಿಂದಲೂ ಭಯದಿಂದಲೂ ಕದಡಿರುವುದು. ಪ್ರಜ್ಞೆ ತಪ್ಪಿದವನಂತೂ ಏನನ್ನೂ ಹೇಳಲಾರನು. ಹೀಗೆ ರೋಗಿಯು ಹೇಳಲಾರದುದನ್ನು ಅವನ ಪರವಾಗಿ ಹೇಳುವುದಕ್ಕೆಂದು ಬರೆದಿಡುವ ವೃತ್ತಾಂತವೇ ವೈದ್ಯಶಾಲೆಯ ದಾಖಲೆಯು. ಅದು ಈಚೆಗೆ ಕಾಗದವನ್ನು ಬಿಟ್ಟು ಗಣಕಯಂತ್ರವನ್ನು ಸೇರುತ್ತಿರುವುದು. ಬೆಂಗಳೂರಿನ ಸುತ್ತಣ ಕೈಗಾರಿಕಾ ಪ್ರದೇಶಗಳಲ್ಲಿ ಈ ಕಾರ್ಯವು ನಡೆದಿರುವ ರೀತಿಯೂ, ಅದರಿಂದ ಬಡವನಾದ ರೋಗಿಗೆ ಒದಗುವ ಲಾಭವೂ, ಅದರೊಳಗೆ ಅಡಗಿರುವ ಭಯವೂ ಈ ಉಪನ್ಯಾಸದ ವಿಷಯವು.

ಒಬ್ಬ ಕೆಲಸಗಾರನನ್ನು ದೃಷ್ಟಾಂತವಾಗಿ ಭಾವಿಸಿಕೊಳ್ಳಿರಿ. ಅವನು ರಾಯಚೂರಿನ ಕಡೆಯ ಹಳ್ಳಿಯವನು. ಮಳೆ ಕೈಕೊಟ್ಟ ವರ್ಷದಲ್ಲಿ ಊರು ಬಿಟ್ಟು ಪೀಣ್ಯಕ್ಕೆ ಬಂದು ಎರಕದ ಕಾರ್ಖಾನೆಯೊಂದರಲ್ಲಿ ಸೇರಿದನು. ಅಲ್ಲಿ ನಾಲ್ಕು ವರ್ಷ ದುಡಿದು, ಬೊಮ್ಮಸಂದ್ರಕ್ಕೆ ಹೋಗಿ ಮೂರು ವರ್ಷವಿದ್ದು, ಕೆಲಕಾಲ ಊರಿನಲ್ಲಿದ್ದು, ಪುನಃ ಪೀಣ್ಯಕ್ಕೆ ಬಂದನು. ಈಗ ಅವನಿಗೆ ಕೆಮ್ಮು; ಮೆಟ್ಟಲು ಹತ್ತಿದರೆ ಏದುಸಿರು. ಅವನ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲವಿದೆ. ಅದರಲ್ಲಿ ಮಡಿಕೆಗಳಲ್ಲಿ ಹರಿದ ಚೀಟಿಗಳು, ಅಕ್ಷರ ಮಾಸಿದ ರಕ್ತಪರೀಕ್ಷೆಯ ಕಾಗದಗಳು, ತಗಡಿನ ಮನೆಯ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡ ಎರಡು ಎಕ್ಸ್‌ರೇ ಹಾಳೆಗಳು. ಹಿಂದೆ ನುಂಗಿದ ಮಾತ್ರೆ ಯಾವುದೆಂದು ವೈದ್ಯನು ಕೇಳಿದರೆ "ಬಿಳೀದು ಒಂದು, ಕೆಂಪನೆಯದು ಒಂದು" ಎಂದು ಅವನು ಹೇಳಬಲ್ಲನು. ಇದು ಕ್ಷಯವೋ, ಕಾರ್ಖಾನೆಯ ಮರಳಿನ ಧೂಳಿನಿಂದ ಪುಪ್ಪುಸಕ್ಕೆ ಬಂದ ಸಿಲಿಕೋಸಿಸ್ ಎಂಬ ರೋಗವೋ ಎಂಬುದನ್ನು ನಿರ್ಣಯಿಸಬೇಕು. ಇವೆರಡೂ ಎಕ್ಸ್‌ರೇಯಲ್ಲಿ ಒಂದನ್ನೊಂದು ಹೋಲುವುವು. ಒಂದನ್ನು ಮತ್ತೊಂದೆಂದು ಎಣಿಸಿ ಚಿಕಿತ್ಸೆ ನಡೆಸುವ ಪ್ರಮಾದವು ವೈದ್ಯಲೋಕದಲ್ಲಿ ಅಪರೂಪವಲ್ಲ. ಧೂಳಿನ ರೋಗವು ಹತ್ತು ವರ್ಷಗಳ ಮೇಲೆಯೂ ತಲೆಯೆತ್ತಬಲ್ಲುದು. ಹಳೆಯ ಚಿತ್ರವನ್ನು ಹೊಸ ಚಿತ್ರದೊಡನೆ ಇಟ್ಟು ನೋಡಿದರೆ, ಅವನು ಎಲ್ಲೆಲ್ಲಿ ಎಷ್ಟೆಷ್ಟು ಕಾಲ ಯಾವ ಕೆಲಸವನ್ನು ಮಾಡಿದನೆಂಬುದನ್ನು ತಿಳಿದರೆ, ನಿರ್ಣಯವು ಸುಲಭವಾಗುವುದು. ಆದರೆ ಚಿತ್ರಗಳು ಅಂಟಿಕೊಂಡಿವೆ.

ಇಲ್ಲಿ ಪೂರ್ವಪಕ್ಷವೊಂದುಂಟು. ಹಿಂದಣ ಕಾಲದ ನಾಟಿವೈದ್ಯನಿಗೆ ದಾಖಲೆಯೆಲ್ಲಿದ್ದಿತು? ಅವನು ಮನೆತನದ ಮೂರು ತಲೆಮಾರುಗಳನ್ನು ಬಲ್ಲವನಾಗಿ ನಾಡಿ ಹಿಡಿದೇ ಎಲ್ಲವನ್ನೂ ಹೇಳುತ್ತಿರಲಿಲ್ಲವೇ? ಈ ಬರೆಹದ ಹೊರೆಯು ಏತಕ್ಕೆ? ಇದಕ್ಕೆ ಸಮಾಧಾನವೇನೆಂದರೆ: ಹಳ್ಳಿಯ ವೈದ್ಯನಿಗೂ ದಾಖಲೆಯಿದ್ದಿತು, ಅದು ಅವನ ಮನಸ್ಸಿನಲ್ಲಿದ್ದಿತು. ರೋಗಿಯೂ ವೈದ್ಯನೂ ಒಂದೇ ಊರಿನಲ್ಲಿ ಹುಟ್ಟಿ ಅಲ್ಲಿಯೇ ಬೆಳೆದುದರಿಂದ ಆ ದಾಖಲೆಯು ಸಾಕಾಗುತ್ತಿದ್ದಿತು. ಪೀಣ್ಯದಲ್ಲಿ ಪಕ್ಕದ ಕೋಣೆಯವನು ಯಾವ ಊರಿನವನೆಂಬುದು ತಿಳಿಯದು. ಇಂದು ನೋಡಿದ ವೈದ್ಯನು ಮುಂದಿನ ತಿಂಗಳು ಇನ್ನೊಂದು ಆಸ್ಪತ್ರೆಗೆ ಹೋಗಿರುತ್ತಾನೆ. ಬಲ್ಲವರಿಲ್ಲದ ಸ್ಥಳದಲ್ಲಿ ಬರೆಹವೇ ಬಲ್ಲವರ ಕೆಲಸವನ್ನು ಮಾಡಬೇಕು.

ಬರೆಹದ ಅವಶ್ಯಕತೆಯನ್ನು ಪಾಶ್ಚಾತ್ಯರೂ ಬಹುಕಾಲದ ಮೇಲೆಯೇ ಮನಗಂಡರು. ಆಸ್ಪತ್ರೆಗಳ ಲೆಕ್ಕಪತ್ರಗಳು ಒಂದಕ್ಕೊಂದು ಹೋಲಿಸುವುದಕ್ಕೆ ಯೋಗ್ಯವಾಗಿಲ್ಲವೆಂದು ಫ್ಲಾರೆನ್ಸ್ ನೈಟಿಂಗೇಲ್ ಎಂಬ ದಾದಿಯರ ಗುರುವು ೧೮೬೩ರಲ್ಲಿಯೇ ದೂರಿದ್ದಳು. ೧೯೬೮ರಲ್ಲಿ ಲಾರೆನ್ಸ್ ವೀಡ್ ಎಂಬ ಅಮೆರಿಕಾ ದೇಶದ ವೈದ್ಯನು, ದಾಖಲೆಯನ್ನು ದಿನಚರಿಯಂತೆ ಬರೆದರೆ ಪ್ರಯೋಜನವಿಲ್ಲ, ರೋಗಿಯ ಒಂದೊಂದು ತೊಂದರೆಯನ್ನೂ ಬೇರೆಬೇರೆಯಾಗಿ ಎತ್ತಿಕೊಂಡು ಅದರ ಲಕ್ಷಣ, ಪರೀಕ್ಷೆ, ನಿರ್ಣಯ, ಚಿಕಿತ್ಸೆಗಳನ್ನು ಕ್ರಮವಾಗಿ ಬರೆಯಬೇಕೆಂದು ತೋರಿಸಿದನು. ಅಧಿಕರಣಗಳನ್ನು ಓದಿದವರಿಗೆ ಇದು ಹೊಸದೆನಿಸಲಾರದು. ಭಾರತ ಸರಕಾರವು ಇಂತಹ ದಾಖಲೆಗಳನ್ನು ಗಣಕಯಂತ್ರದಲ್ಲಿ ಬರೆಯತಕ್ಕ ಕ್ರಮವನ್ನು ೨೦೧೩ರಲ್ಲಿ ಪ್ರಕಟಿಸಿ, ೨೦೧೬ರಲ್ಲಿ ತಿದ್ದಿತು. ಒಬ್ಬನು ಬರೆದುದನ್ನು ಇನ್ನೊಬ್ಬನ ಯಂತ್ರವು ಓದಬೇಕಾದರೆ ಇಬ್ಬರಿಗೂ ಪರಿಭಾಷೆಯೊಂದೇ ಆಗಿರಬೇಕೆಂಬುದು ಅದರ ಸಾರವು.

ಇನ್ನು ಈ ನಾಡಿನ ವಿಷಯ. ಆನೇಕಲ್ಲಿನ ಹಾದಿಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಹಳ್ಳಿಗಳ ೩೩೨ ಎಕರೆ ನೆಲದಲ್ಲಿ ಕಿಯೋನಿಕ್ಸ್ ಸಂಸ್ಥೆಯು ೧೯೭೮ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ಅದರ ಮುಖ್ಯಾಧಿಕಾರಿಗಳಾಗಿದ್ದ ಆರ್. ಕೆ. ಬಾಳಿಗರ ಕಲ್ಪನೆಯಿದು. ವಿದ್ವಾಂಸರಿಗೆಂದು ಬಿಟ್ಟ ನೆಲಕ್ಕೆ ಅಗ್ರಹಾರವೆಂದು ಹೆಸರು; ಆ ಹೆಸರು ಈ ರೀತಿಯಲ್ಲಿ ಪುನಃ ಸಾರ್ಥಕವಾದೀತೆಂದು ಹಿಂದಿನವರು ಊಹಿಸಿರಲಾರರು. ವೈಟ್‌ಫೀಲ್ಡಿನ ಕಥೆಯು ಬೇರೆ. ಅಲ್ಲಿ ೨೦೦೧ರ ಜನವರಿಯಲ್ಲಿ ಸತ್ಯಸಾಯಿ ಸಂಸ್ಥೆಯ ದೊಡ್ಡ ಆಸ್ಪತ್ರೆಯು ಪ್ರಾರಂಭವಾಗಿ ಹೃದಯದ ಮತ್ತು ಮೆದುಳಿನ ಶಸ್ತ್ರಚಿಕಿತ್ಸೆಗಳನ್ನು ಹಣ ಪಡೆಯದೆ ನಡೆಸುತ್ತ ಬಂದಿತು. ಅದರ ನೆರೆಯಲ್ಲಿಯೇ ಜಿ.ಇ. ಕಂಪನಿಯು ೨೦೦೦ದಲ್ಲಿ ತೆರೆದ ಸಂಶೋಧನಾಲಯವುಂಟು. ಹೃದಯದ ಬಡಿತವನ್ನು ಗೆರೆಯಾಗಿ ಬರೆಯುವ ಇ.ಸಿ.ಜಿ. ಯಂತ್ರವನ್ನು ಬೆಂಗಳೂರಿನ ಎಂಜಿನಿಯರುಗಳು ಹಳ್ಳಿಯ ವೈದ್ಯನು ಚೀಲದಲ್ಲಿ ಒಯ್ಯುವಂತೆ ಕಿರಿದುಮಾಡಿದರು. ಅದು ಬ್ಯಾಟರಿಯಿಂದ ನಡೆಯುವುದು. ಅದರ ಮುದ್ರಣಭಾಗಕ್ಕೆ ಬಸ್ಸಿನ ಟಿಕೀಟು ಮುದ್ರಿಸುವ ಯಂತ್ರವು ಮಾದರಿಯಾಯಿತೆಂಬುದು ಸಂತೋಷದ ಸಂಗತಿಯು. ದೊಡ್ಡ ವಿದ್ಯೆಯು ಬಡವನ ಮನೆಗೆ ಹೋಗಬೇಕಾದರೆ ಇಂತಹ ಸಣ್ಣ ಉಪಾಯಗಳೇ ದಾರಿಯಾಗುವುವು.

ದೂರದ ರೋಗಿಗೂ ಈ ಪ್ರದೇಶಕ್ಕೂ ಸಂಬಂಧವು ಹೇಗೆ ಏರ್ಪಟ್ಟಿತೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಎಲೆಕ್ಟ್ರಾನಿಕ್ ಸಿಟಿಯ ಆಚೆಗೆ ಬೊಮ್ಮಸಂದ್ರದಲ್ಲಿ ಡಾಕ್ಟರ್ ದೇವಿ ಶೆಟ್ಟಿಯವರು ಕಟ್ಟಿದ ನಾರಾಯಣ ಹೃದಯಾಲಯವುಂಟು. ೨೦೦೨ರಲ್ಲಿ ಇಸ್ರೋ ಸಂಸ್ಥೆಯು ತನ್ನ ಉಪಗ್ರಹದ ಮೂಲಕ ಈ ಆಸ್ಪತ್ರೆಯನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ, ಹೆಗ್ಗಡದೇವನಕೋಟೆ ಸೀಮೆಯ ಸರಗೂರಿನಲ್ಲಿರುವ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಿತು. ಸರಗೂರಿನದು ಜೇನುಕುರುಬರೂ ಕಾಡುಕುರುಬರೂ ಬರುವ ಆಸ್ಪತ್ರೆಯು. ಎದೆನೋವೆಂದು ಬಂದವನ ಇ.ಸಿ.ಜಿ. ಗೆರೆಗಳನ್ನು ಅಲ್ಲಿ ಯಂತ್ರಕ್ಕೆ ಒಪ್ಪಿಸಿದರೆ, ಅವು ಆಕಾಶಕ್ಕೆ ಏರಿ ಇಳಿದು ಬೊಮ್ಮಸಂದ್ರದ ಹೃದಯತಜ್ಞನ ಮುಂದೆ ಕಾಣಿಸುವುವು. ಅವನು ಅದನ್ನು ನೋಡಿ, ಅಲ್ಲಿಯ ವೈದ್ಯನೊಡನೆ ಮುಖಾಮುಖಿಯಾಗಿ ಮಾತನಾಡಿ, ಇದು ಹೃದಯಾಘಾತವೋ ಅಲ್ಲವೋ ಎಂಬುದನ್ನು ತಿಳಿಸುವನು. ಹೃದಯದ ರಕ್ತನಾಳದಲ್ಲಿ ಕಟ್ಟಿಕೊಂಡ ಗರಣೆಯನ್ನು ಕರಗಿಸುವ ಔಷಧವು ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಫಲಿಸುವುದು. ತಡವಾದಷ್ಟೂ ಹೃದಯದ ಮಾಂಸವು ಸಾಯುವುದು. ಆ ಔಷಧವನ್ನು ತಪ್ಪಾಗಿ ಕೊಟ್ಟರೆ ರಕ್ತಸ್ರಾವದಿಂದ ಅಪಾಯವು. ಆದುದರಿಂದ ಹಳ್ಳಿಯ ವೈದ್ಯನು ಕೊಡಲು ಅಂಜುವನು. ಅಂಜಿ, ಬೆಂಗಳೂರಿಗೆ ಒಯ್ಯಿರಿ ಎನ್ನುವನು. ದಾರಿಯಲ್ಲಿಯೇ ಕೆಲವು ಗಂಟೆಗಳು ಕಳೆಯುವುವು. ತಜ್ಞನ ಮಾತು ದೊರೆತರೆ ಅವನಿಗೆ ಧೈರ್ಯವು ಬಂದು ಅಲ್ಲಿಯೇ ಔಷಧವನ್ನು ಕೊಡುವನು. ಇಲ್ಲಿ ಹೊಸ ಔಷಧವಿಲ್ಲ, ಹೊಸ ಶಸ್ತ್ರವಿಲ್ಲ. ವೃತ್ತಾಂತವು ರೋಗಿಗಿಂತ ಮುಂಚಿತವಾಗಿ ತಜ್ಞನ ಬಳಿ ಹೋಗಿ ಸೇರಿತು, ಅಷ್ಟೇ.

ಅದೇ ೨೦೦೨ರಲ್ಲಿ ರೈತರ ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಎಂಬ ಯೋಜನೆಯು ಘೋಷಿತವಾಗಿ ಮರುವರ್ಷ ನಡೆಯತೊಡಗಿತು. ಮೊದಲಿಗೆ ವರ್ಷಕ್ಕೆ ೬೦ ರೂಪಾಯಿ ಚಂದಾ. ತಿಂಗಳಿಗೆ ಐದೇ ರೂಪಾಯಿ. ಲಕ್ಷಾಂತರ ಜನರ ಶಸ್ತ್ರಚಿಕಿತ್ಸೆಯ ಲೆಕ್ಕವನ್ನು ಕೈಬರೆಹದ ಪುಸ್ತಕಗಳಲ್ಲಿ ಇಡುವುದು ಕಷ್ಟವೆಂಬುದನ್ನು ವಿವರಿಸಬೇಕಾಗಿಲ್ಲ.

ಪೀಣ್ಯದ ಕಡೆಗೆ ಹಿಂದಿರುಗಿದರೆ, ಅಲ್ಲಿಯ ಕೆಲಸಗಾರನ ಆಶ್ರಯವು ಇ.ಎಸ್.ಐ. ಎಂದು ಜನರು ಕರೆಯುವ ರಾಜ್ಯವಿಮೆಯು. ೧೯೪೮ರ ಕಾಯಿದೆಯಿಂದ ಹುಟ್ಟಿ, ೧೯೫೨ರ ಫೆಬ್ರವರಿ ೨೪ರಂದು ಕಾನ್ಪುರದಲ್ಲಿಯೂ ದೆಹಲಿಯಲ್ಲಿಯೂ ಇದು ಪ್ರಾರಂಭವಾಯಿತು. ೨೦೧೭ರ ಜನವರಿಯಲ್ಲಿ ಇದರ ಸಂಬಳದ ಮಿತಿಯನ್ನು ತಿಂಗಳಿಗೆ ೨೧,೦೦೦ ರೂಪಾಯಿಗೆ ಏರಿಸಿದರು. ೨೦೧೯ರ ಜುಲೈಯಲ್ಲಿ ಕೆಲಸಗಾರನ ವಂತಿಗೆಯನ್ನು ಸಂಬಳದ ನೂರಕ್ಕೆ ೧.೭೫ರಿಂದ ೦.೭೫ಕ್ಕೆ ಇಳಿಸಿದರು. ಹಿಂದೆ ಒಬ್ಬ ಕೆಲಸಗಾರನು ಒಂದು ಔಷಧಾಲಯಕ್ಕೆ ಕಟ್ಟುಬಿದ್ದವನಾಗಿದ್ದನು. ಅವನ ಚೀಟಿಗಳೂ ಅಲ್ಲಿಯೇ. ಅವನು ಪೀಣ್ಯವನ್ನು ಬಿಟ್ಟು ಬೊಮ್ಮಸಂದ್ರಕ್ಕೆ ಹೋದರೆ ಚೀಟಿಗಳು ಹಿಂಬಾಲಿಸುತ್ತಿರಲಿಲ್ಲ. ೨೦೧೦ರ ಸುಮಾರಿನಲ್ಲಿ ಪಂಚದೀಪವೆಂಬ ಹೆಸರಿನಿಂದ ಈ ವಿಮೆಯ ವ್ಯವಹಾರವನ್ನೆಲ್ಲ ಗಣಕಯಂತ್ರಗಳಿಗೆ ಒಪ್ಪಿಸತೊಡಗಿದರು. ಕೆಲಸಗಾರನಿಗೆ ಪೆಹಚಾನ್ ಎಂಬ ಎರಡು ಕಾರ್ಡುಗಳನ್ನು ಕೊಡುವ ಏರ್ಪಾಡಾಯಿತು: ಒಂದು ಅವನ ಕೈಗೆ, ಇನ್ನೊಂದು ಊರಿನಲ್ಲಿರುವ ಹೆಂಡತಿಮಕ್ಕಳ ಕೈಗೆ. ಬೆರಳಿನ ಗುರುತೇ ಸಾಕ್ಷಿ. ದುಡಿಯುವವನು ಒಂದೆಡೆ, ಸಂಸಾರವು ಇನ್ನೊಂದೆಡೆ ಎಂಬ ಕಟುವಾದ ಸಂಗತಿಯನ್ನು ಅರಿತು ಮಾಡಿದ ಏರ್ಪಾಡು ಇದು. ಇದನ್ನು ಯೋಚಿಸಿದವನು ಯಾವನೋ, ಕೆಲಸಗಾರರ ಬಾಳನ್ನು ಹತ್ತಿರದಿಂದ ಕಂಡವನೇ ಆಗಿರಬೇಕು. ವಿಮೆಯ ಸಂಖ್ಯೆಯಾದರೋ ಕಾರ್ಖಾನೆಯನ್ನು ಬದಲಿಸಿದರೂ ಬದಲಾಗದು.

ಮೇಲೆ ಹೇಳಿದ ದೃಷ್ಟಾಂತದ ಕೆಲಸಗಾರನಿಗೆ ಇದರಿಂದ ಚಿಕಿತ್ಸೆ ಮಾತ್ರವಲ್ಲ, ನ್ಯಾಯವೂ ದೊರೆಯಬಹುದು. ಕೆಲಸದಿಂದಲೇ ಬರುವ ರೋಗಗಳ ಪಟ್ಟಿಯೊಂದನ್ನು ಆ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಕೊಟ್ಟಿದ್ದಿತು. ಗದ್ದಲದಿಂದ ಬರುವ ಕಿವುಡೂ, ಸಿಲಿಕಾ ಧೂಳಿನಿಂದ ಬರುವ ಪುಪ್ಪುಸರೋಗವೂ ಅದರೊಳಗಿದ್ದುವು. ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತೆಯ ಸಂಹಿತೆಯು ಆ ಕಾಯಿದೆಯ ಸ್ಥಾನವನ್ನು ಪಡೆದರೂ ರೋಗಗಳ ಪಟ್ಟಿಯನ್ನು ಕೈಬಿಟ್ಟಿಲ್ಲ. ರೋಗವು ಕೆಲಸದಿಂದ ಬಂದುದೆಂದು ಸಿದ್ಧವಾದರೆ ಅದನ್ನು ಕೆಲಸದಲ್ಲಿ ಆದ ಗಾಯದಂತೆಯೇ ಎಣಿಸಿ ಪರಿಹಾರವನ್ನು ಕೊಡತಕ್ಕುದು. ಸಿದ್ಧವಾಗುವುದು ಹೇಗೆ? ಕಾರ್ಖಾನೆಯು ಬಾಗಿಲು ಮುಚ್ಚಿರಬಹುದು, ಮೇಸ್ತ್ರಿಯು ಊರು ಬಿಟ್ಟಿರಬಹುದು, ಜೊತೆಗಾರರು ಚದರಿಹೋಗಿರಬಹುದು. ಇಂತಹ ಸಮಯದಲ್ಲಿ ಹನ್ನೆರಡು ವರ್ಷದ ಹಿಂದೆ ಒಬ್ಬ ವೈದ್ಯನು "ಎರಕದ ಕೆಲಸ, ಒಣಕೆಮ್ಮು" ಎಂದು ಬರೆದಿಟ್ಟ ಒಂದು ಸಾಲು ಉಳಿದಿದ್ದರೆ ಅದು ಸಾಕ್ಷಿಯಾಗುವುದು. ಆ ಸಾಲು ಬರೆಯಲ್ಪಡದಿದ್ದರೆ ಯಂತ್ರವು ಎಷ್ಟು ದೊಡ್ಡದಾದರೂ ಪ್ರಯೋಜನವಿಲ್ಲ. ಅವಸರದಲ್ಲಿರುವ ವೈದ್ಯನು ಕೆಮ್ಮನ್ನು ಬರೆಯುವನು. ಕಸುಬನ್ನು ಬರೆಯಲು ಮರೆಯುವನು. ಆದುದರಿಂದ ಚೀಟಿಯಲ್ಲಿ ತನ್ನ ಕಸುಬು ದಾಖಲಾಗಿದೆಯೋ ಇಲ್ಲವೋ ಎಂದು ಕೇಳುವುದು ಕೆಲಸಗಾರನಿಗೆ ಲಾಭಕರವು. ಸಭೆಯಲ್ಲಿರುವವರಲ್ಲಿ ಎಷ್ಟೋ ಮಂದಿಯ ಮಕ್ಕಳು ಪೀಣ್ಯದಲ್ಲಿ ದುಡಿಯುತ್ತಿರುವುದರಿಂದ ಈ ಮಾತನ್ನು ಒತ್ತಿ ಹೇಳಿದುದು.

ದರ್ಶನ ಸ್ಪರ್ಶನಗಳ ಮಾತನ್ನು ಮೊದಲೇ ಹೇಳಿದುದಾಯಿತು. ಈಗಿನ ಹಲವು ವೈದ್ಯಶಾಲೆಗಳಲ್ಲಿ ದರ್ಶನವು ಗಾಜಿನ ಪರದೆಯದು, ಸ್ಪರ್ಶನವು ಕೀಲಿಮಣೆಯದು. ರೋಗಿಗೆ ಉಳಿದುದು ಪ್ರಶ್ನವೊಂದೇ, ಅದೂ ಮುಖವನ್ನು ನೋಡದೆ. ಹಾಗೆಂದು ವೈದ್ಯನನ್ನು ಹಳಿಯಲಾಗದು. ಬಾಗಿಲಲ್ಲಿ ನೂರು ಜನರು ಕಾಯುತ್ತಿರಲು, ಒಬ್ಬೊಬ್ಬರಿಗೂ ಇಪ್ಪತ್ತು ಮನೆಗಳನ್ನು ತುಂಬೆಂದು ಯಂತ್ರವು ಅವನನ್ನು ಪೀಡಿಸುವುದು. ಬರೆಯುವ ಕೆಲಸಕ್ಕೆ ಬೇರೊಬ್ಬನನ್ನು ನೇಮಿಸಿದ ಆಸ್ಪತ್ರೆಗಳಲ್ಲಿ ವೈದ್ಯನ ಕಣ್ಣುಗಳು ಪುನಃ ರೋಗಿಯ ಕಡೆಗೆ ತಿರುಗುವುವು. ಯಂತ್ರಕ್ಕೆ ಹಣವನ್ನು ಕೊಟ್ಟವರು ಬರೆಯುವವನಿಗೆ ಸಂಬಳವನ್ನು ಕೊಡಲು ಹಿಂಜರಿಯುವುದು ಮಾತ್ರ ವಿಚಿತ್ರವು.

ಈಗ ಮುಖ್ಯವಾದ ವಿಚಾರಕ್ಕೆ ಬರಬೇಕು. ಹೀಗೆ ಕೂಡಿಟ್ಟ ವೃತ್ತಾಂತವು ಯಾರ ಸ್ವತ್ತು? ಬರೆದವನು ವೈದ್ಯನು, ಇಟ್ಟುಕೊಂಡಿರುವುದು ಆಸ್ಪತ್ರೆಯು, ಯಂತ್ರವನ್ನು ಕಟ್ಟಿದುದು ಕಂಪನಿಯು. ಆದರೆ ದೇಹವು ರೋಗಿಯದು. ಮಿತಾಕ್ಷರೆಯೆಂದರೆ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯವೆಂದೇ ಜನರು ತಿಳಿದಿರುತ್ತಾರೆ. ಆರನೆಯ ವಿಕ್ರಮಾದಿತ್ಯನು ಕಲ್ಯಾಣದಲ್ಲಿ ಆಳುತ್ತಿದ್ದಾಗ, ಎಂದರೆ ೧೦೭೬ರಿಂದ ೧೧೨೬ರವರೆಗಿನ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಆ ವ್ಯಾಖ್ಯಾನದಲ್ಲಿ ಒತ್ತೆಯಲ್ಲದ ನಿಕ್ಷೇಪದ ವಿಚಾರವೂ ಉಂಟು. ಪೆಟ್ಟಿಗೆಯೊಳಗೆ ಏನಿದೆಯೆಂದು ಹೇಳದೆ, ಮುದ್ರೆಯೊಡನೆ, ನಂಬಿಕೆಯಿಂದ ಇನ್ನೊಬ್ಬನ ಕೈಗೆ ಒಪ್ಪಿಸಿದ ವಸ್ತುವಿಗೆ ಉಪನಿಧಿಯೆಂದು ಹೆಸರು. ಅದನ್ನು ಪಡೆದವನು ಹೇಗಿದ್ದಿತೋ ಹಾಗೆಯೇ ಹಿಂದಿರುಗಿಸಬೇಕು. ಅರಸನೋ ದೈವವೋ ಕಳ್ಳರೋ ಅದನ್ನು ಒಯ್ದರೆ ಇಟ್ಟುಕೊಂಡವನಿಗೆ ತಪ್ಪಿಲ್ಲ. ಒಡೆಯನು ಕೇಳಿದಾಗಲೂ ಕೊಡದೆ ಇರಿಸಿಕೊಂಡು ಕಳೆದರೆ ತಪ್ಪುಂಟು. ತನ್ನ ಇಚ್ಛೆಯಿಂದ ಅದನ್ನು ಬಳಸಿ ಬದುಕಿದವನಾದರೋ ದಂಡಕ್ಕೆ ಗುರಿಯಾಗಿ, ವಸ್ತುವನ್ನು ವೃದ್ಧಿಯೊಡನೆ ಕೊಡಬೇಕು. ರೋಗವೃತ್ತಾಂತವು ಇಂತಹ ನಿಕ್ಷೇಪವೆಂದೇ ತಿಳಿಯತಕ್ಕುದು. ರೋಗಿಯು ಹೆಂಡತಿಗೂ ಹೇಳದುದನ್ನು ವೈದ್ಯನಿಗೆ ಹೇಳಿರುತ್ತಾನೆ. ಅದನ್ನು ಮಾರಿ ಲಾಭವನ್ನು ಪಡೆಯುವವನು ಇನ್ನೊಬ್ಬರ ಉಪನಿಧಿಯಿಂದ ಬದುಕುವವನು.

ಈ ನಿಕ್ಷೇಪವು ಎಷ್ಟು ಸೂಕ್ಷ್ಮವೆಂಬುದು ಮನೋರೋಗದಲ್ಲಿ ಚೆನ್ನಾಗಿ ತಿಳಿಯುವುದು. ಹೊಟ್ಟೆನೋವಿಗೆ ಆಸ್ಪತ್ರೆಗೆ ಹೋದವನು ಊರೆಲ್ಲ ಹೇಳಿಕೊಂಡು ಬರುವನು. ನಿದ್ರೆ ಬಾರದೆ, ಬದುಕು ಬೇಡವೆನಿಸಿ ನಿಮ್ಹಾನ್ಸಿನ ಬಾಗಿಲಿಗೆ ಹೋದವನು ತಲೆಗೆ ಬಟ್ಟೆ ಸುತ್ತಿಕೊಂಡು ಹೋಗುವನು. ರಾತ್ರಿಯೆಲ್ಲ ಪರದೇಶದವರ ಹೊತ್ತಿಗೆ ದುಡಿಯುವ ಎಲೆಕ್ಟ್ರಾನಿಕ್ ಸಿಟಿಯ ತರುಣನಿಗೂ, ಮದುವೆ ಗೊತ್ತಾಗಬೇಕಾದ ಹೆಣ್ಣುಮಗಳಿಗೂ ಈ ಸುದ್ದಿಯು ಹೊರಬಿದ್ದರೆ ಆಗುವ ಹಾನಿಯನ್ನು ಎಲ್ಲರೂ ಬಲ್ಲರು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಇದನ್ನು ಮನಗಂಡಿತು. ರೋಗಿಯ ವಿಷಯವನ್ನು ಗುಟ್ಟಾಗಿರಿಸಿಕೊಳ್ಳುವ ಹಕ್ಕು ೨೩ನೆಯ ಕಲಮಿನಲ್ಲಿಯೂ, ಅವನ ಚಿತ್ರವನ್ನಾಗಲಿ ವೃತ್ತಾಂತವನ್ನಾಗಲಿ ಸಮ್ಮತಿಯಿಲ್ಲದೆ ಪತ್ರಿಕೆಗಳಿಗೆ ಕೊಡಬಾರದೆಂಬ ನಿಷೇಧವು ೨೪ನೆಯದರಲ್ಲಿಯೂ, ತನ್ನ ದಾಖಲೆಯನ್ನು ತಾನು ನೋಡುವ ಹಕ್ಕು ೨೫ನೆಯದರಲ್ಲಿಯೂ ಉಂಟು. ಗಣಕಯಂತ್ರದಲ್ಲಿರುವ ವೃತ್ತಾಂತಕ್ಕೂ ಈ ಗುಟ್ಟಿನ ನಿಯಮವು ಅನ್ವಯಿಸುವುದೆಂದು ಕಾಯಿದೆಯೇ ಹೇಳುತ್ತದೆ. ಪ್ರಾಣಾಪಾಯ, ನ್ಯಾಯಾಲಯದ ಆಜ್ಞೆ ಮೊದಲಾದ ಕೆಲವು ಅಪವಾದಗಳು ಮಾತ್ರ ಉಂಟು.

ಈ ಕಾಯಿದೆಗೆ ಅನುಸಾರವಾಗಿ ಕರ್ನಾಟಕ ಸರಕಾರವು ೨೦೨೦ರಲ್ಲಿ ಇ-ಮಾನಸ್ ಎಂಬ ವ್ಯವಸ್ಥೆಯನ್ನು ಪ್ರಾರಂಭಿಸಿತು. ಅದನ್ನು ನಿರ್ಮಿಸಿದುದು ಎಲೆಕ್ಟ್ರಾನಿಕ್ ಸಿಟಿಯಲ್ಲಿಯೇ ಇರುವ ಐ.ಐ.ಐ.ಟಿ. ವಿದ್ಯಾಸಂಸ್ಥೆಯು, ವೈದ್ಯಶಾಸ್ತ್ರದ ಭಾಗಕ್ಕೆ ನಿಮ್ಹಾನ್ಸ್ ಒತ್ತಾಸೆಯಾಯಿತು. ರಾಜ್ಯದ ಮಾನಸಿಕ ಚಿಕಿತ್ಸಾಲಯಗಳು ಯಾವುವು, ವೈದ್ಯರು ಯಾರು ಎಂಬ ನೋಂದಣಿಯೂ, ರೋಗಿಗಳ ಚಿಕಿತ್ಸೆಯ ದಾಖಲೆಯೂ ಅದರಲ್ಲಿ ಸೇರುವುವು. ಒಂದು ಚಿಕಿತ್ಸಾಲಯದಲ್ಲಿ ಬರೆದುದನ್ನು ಇನ್ನೊಂದು ಚಿಕಿತ್ಸಾಲಯದವರು ನೋಡಬೇಕಾದರೆ ರೋಗಿಯ ಸಮ್ಮತಿಯು ಬೇಕು. ಕಲ್ಪನೆಯಲ್ಲಿ ಇದು ಆ ಹಳೆಯ ಮುದ್ರೆಯೊತ್ತಿದ ಪೆಟ್ಟಿಗೆಯೇ. ಒಡೆಯನು ಹೇಳಿದ ಹೊರತು ಮುದ್ರೆಯನ್ನು ಒಡೆಯುವಂತಿಲ್ಲ. ಪರವೂರಿನ ಯಂತ್ರಗಳಿಗೆ ದುಡಿಯುವ ಊರಿನಲ್ಲಿಯೇ ಕನ್ನಡ ನಾಡಿನ ಅತ್ಯಂತ ದುರ್ಬಲರಾದ ರೋಗಿಗಳಿಗಾಗಿ ಇಂತಹ ಕೆಲಸವೂ ನಡೆದುದು ಕೊಂಡಾಡತಕ್ಕ ವಿಷಯವು.

ಕಳ್ಳರ ವಿಚಾರದಲ್ಲಿ ಮಾತ್ರ ಹಳೆಯ ಧರ್ಮಶಾಸ್ತ್ರಕ್ಕೂ ಹೊಸ ಕಾಯಿದೆಗೂ ಭೇದವುಂಟು. ೨೦೨೨ರ ನವೆಂಬರ್ ೨೩ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಯಂತ್ರಗಳಿಗೆ ಕಾಣದ ಕಳ್ಳರು ಕನ್ನವಿಕ್ಕಿದರು. ಅನೇಕ ದಿನಗಳವರೆಗೆ ಆ ಮಹಾಸಂಸ್ಥೆಯಲ್ಲಿ ಚೀಟಿಗಳನ್ನು ಕೈಯಿಂದಲೇ ಬರೆಯಬೇಕಾಯಿತು. ದೇಶದ ಮೊದಲ ಆಸ್ಪತ್ರೆಗೇ ಈ ಸ್ಥಿತಿಯೊದಗಿದ ಮೇಲೆ ತಾಲ್ಲೂಕಿನ ಆಸ್ಪತ್ರೆಯ ಮಾತೇನು? ವಿಜ್ಞಾನೇಶ್ವರನ ಕಾಲದಲ್ಲಿ ಕಳ್ಳನು ಒಂದು ಮನೆಯನ್ನು ದೋಚುತ್ತಿದ್ದನು. ಇಂದಿನ ಕಳ್ಳನು ಒಂದೇ ರಾತ್ರಿಯಲ್ಲಿ ಲಕ್ಷಾಂತರ ಜನರ ಪೆಟ್ಟಿಗೆಗಳನ್ನು ದೋಚಬಲ್ಲನು. ಆದುದರಿಂದಲೇ ೨೦೨೩ರ ಮಾಹಿತಿ ಸಂರಕ್ಷಣೆಯ ಕಾಯಿದೆಯು, ಕಾಯುವ ಕೆಲಸದಲ್ಲಿ ತಕ್ಕ ಎಚ್ಚರಿಕೆಯನ್ನು ವಹಿಸದವನು ಕಳ್ಳರು ಬಂದರೆಂದು ಹೇಳಿ ತಪ್ಪಿಸಿಕೊಳ್ಳದಂತೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡವನ್ನು ವಿಧಿಸಿರುತ್ತದೆ. ಇದರ ನಿಯಮಗಳು ೨೦೨೫ರ ನವೆಂಬರಿನಲ್ಲಿ, ಹಂತಹಂತವಾಗಿ ಜಾರಿಗೆ ಬರುವಂತೆ, ಪ್ರಕಟವಾದುವು. ಈ ವಿಷಯದಲ್ಲಿ ಹೊಸ ಕಾಯಿದೆಯೇ ಮೇಲೆಂದು ಒಪ್ಪಬೇಕು.

ಕಡೆಯದಾಗಿ ಸಮ್ಮತಿಯ ವಿಚಾರ. ೨೦೨೧ರ ಸೆಪ್ಟೆಂಬರ್ ೨೭ರಂದು ಆಯುಷ್ಮಾನ್ ಭಾರತ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ವಿಸ್ತರಿಸಲ್ಪಟ್ಟಿತು. ಅದರ ಕ್ರಮದಂತೆ ರೋಗಿಗೆ ಹದಿನಾಲ್ಕು ಅಂಕೆಗಳ ಆಭಾ ಸಂಖ್ಯೆಯು ದೊರೆಯುವುದು. ಎಲ್ಲರ ದಾಖಲೆಗಳನ್ನೂ ಒಂದೇ ಉಗ್ರಾಣದಲ್ಲಿ ತುಂಬದೆ, ಹುಟ್ಟಿದ ಆಸ್ಪತ್ರೆಯಲ್ಲಿಯೇ ಇರಿಸಿ, ರೋಗಿಯು ಸಮ್ಮತಿಸಿದಾಗ ಮಾತ್ರ ಬೇಕಾದವರಿಗೆ ತೋರಿಸುವುದು ಅದರ ಪದ್ಧತಿಯು. ಪದ್ಧತಿಯು ಒಳ್ಳೆಯದೇ. ಆದರೆ ಆ ಸಮ್ಮತಿಯು ಆಸ್ಪತ್ರೆಯ ಕಿಟಕಿಯಲ್ಲಿ ಹೇಗೆ ನಡೆಯಬಹುದೆಂಬುದನ್ನು ಯೋಚಿಸಿರಿ. ಗುಮಾಸ್ತನು "ಮೊಬೈಲ್ ಕೊಡ್ರಿ, ಓಟಿಪಿ ಬಂತಾ, ಹೇಳ್ರಿ" ಎನ್ನುವನು. ರೋಗಿಯು 'ಬಂತು' ಎಂದು ಆರು ಅಂಕೆಗಳನ್ನು ಹೇಳುವನು. ಹಿಂದೆ ನೂರು ಜನರ ಸಾಲು. ತಾನು ಯಾವುದಕ್ಕೆ ಸಮ್ಮತಿಸಿದೆನೆಂಬುದು ಅವನಿಗೆ ತಿಳಿಯದು. ಮೊಬೈಲು ಅವನದಾಗಿರದೆ ಜೊತೆಗಾರನದೂ ಆಗಿರಬಹುದು. ಪರದೆಯ ಮೇಲಿನ ಬರೆಹವು ಇಂಗ್ಲಿಷಿನಲ್ಲಿರುವುದು. ಅರ್ಥವನ್ನು ಅರಿಯದೆ ಗಟ್ಟಿಮಾಡಿದ ಪಾಠವನ್ನು ಪಾಠಶಾಲೆಯಲ್ಲಿ ಪಾಠವೆಂದು ಒಪ್ಪುವುದಿಲ್ಲ. ಅರ್ಥವಾಗದೆ ಹೇಳಿದ ಅಂಕೆಯನ್ನು ಸಮ್ಮತಿಯೆಂದು ಒಪ್ಪುವುದೂ ನ್ಯಾಯವಲ್ಲ. ಮುದ್ರೆಯು ಒಡೆಯನ ಕೈಯಿಂದಲೇ ಒಡೆಯಲ್ಪಟ್ಟಿತು. ಆದರೆ ಕೈಯನ್ನು ಹಿಡಿದವನು ಬೇರೊಬ್ಬನು. ಯಂತ್ರವನ್ನು ಕಟ್ಟಿದ ಜಾಣರು ಇದಕ್ಕೆ ಉಪಾಯವನ್ನು ಕಾಣಬೇಕಾಗಿದೆ. ಸಮ್ಮತಿಯ ಮಾತನ್ನು ಕನ್ನಡದಲ್ಲಿ ಬರೆಯುವುದೂ, ಓದಲಾರದವನಿಗೆ ಓದಿ ಹೇಳುವುದಕ್ಕೆ ಒಬ್ಬರನ್ನು ಆ ಕಿಟಕಿಯ ಬಳಿ ಕೂರಿಸುವುದೂ ಕಷ್ಟವಾದ ವಿದ್ಯೆಗಳಲ್ಲ.

ರೋಗಿಯು ತಾನೇ ತಿಳಿದು ನಡೆಯಲಾರದ ಸ್ಥಿತಿಗೆ ಬಂದಾಗ ಅವನ ಪರವಾಗಿ ಯಾರು ನಿಲ್ಲಬೇಕೆಂಬ ಪ್ರಶ್ನೆಯೂ ಉಳಿದಿದೆ. ೨೦೨೩ರ ಕಾಯಿದೆಯು ಮರಣಾನಂತರಕ್ಕೂ ಅಶಕ್ತಿಯ ಕಾಲಕ್ಕೂ ಒಬ್ಬರನ್ನು ಹೆಸರಿಸುವ ಹಕ್ಕನ್ನು ಹೇಳಿದೆ. ಮಾನಸಿಕ ಆರೋಗ್ಯದ ಕಾಯಿದೆಯ ೧೪ನೆಯ ಕಲಮು ಪ್ರಾಪ್ತವಯಸ್ಕರೆಲ್ಲರಿಗೂ ತಮ್ಮ ಪ್ರತಿನಿಧಿಯನ್ನು ಮುಂಚಿತವಾಗಿಯೇ ಗೊತ್ತುಮಾಡಿಕೊಳ್ಳುವ ಅವಕಾಶವನ್ನು ಕೊಟ್ಟಿದೆ. ಹೆಂಡತಿಯನ್ನು ಹೆಸರಿಸಬಹುದು, ಅಣ್ಣನನ್ನು ಹೆಸರಿಸಬಹುದು, ನಂಬಿಕೆಯ ಸ್ನೇಹಿತನನ್ನೂ ಹೆಸರಿಸಬಹುದು, ಹೆಸರಿಸಲ್ಪಟ್ಟವರು ಒಪ್ಪಿರಬೇಕು, ಬೇಡವೆನಿಸಿದಾಗ ಬದಲಿಸಲೂ ಬಹುದು. ಇದಕ್ಕೆ ಗಣಕಯಂತ್ರವು ಬೇಕಿಲ್ಲ, ಮುದ್ರೆಯ ಕಾಗದವೂ ಬೇಕಿಲ್ಲ. ಸಾದಾ ಕಾಗದದ ಮೇಲೆ ಬರೆದು, ಸಹಿಯನ್ನಾಗಲಿ ಹೆಬ್ಬೆಟ್ಟಿನ ಗುರುತನ್ನಾಗಲಿ ಹಾಕಿದರೆ ಸಾಕೆಂದು ಕಾಯಿದೆಯು ಹೇಳುತ್ತದೆ.